ಫೋನಿನ ತೂತು ಮುಚ್ಚಿದ ಮಹನೀಯರಿಗೆ

ಗೆ,
ಶ್ರೀಯುತ ರಂಧ್ರನಿವಾರಣಾಧಿಕಾರಿಗಳು,
ಹೆಡ್‌ಫೋನ್ ತೂತು ಮುಚ್ಚುವ ವಿಭಾಗ,
ನಮ್ಮ ಕಚೇರಿಗೆ ಹೊಸ ಫೋನು ದಯಪಾಲಿಸಿದ ಕಂಪನಿ.

ವಿಷಯ: ತಮ್ಮ ಫೋನಿನಲ್ಲಿ ಇಲ್ಲದ ತೂತಿನೊಳಗೆ ಬಿದ್ದುಹೋದ ವಸ್ತುವೊಂದರ ಬಗ್ಗೆ.

ಮಾನ್ಯರೇ,

ತಾವು ಕ್ಷೇಮವಾಗಿರುವಿರೆಂದೂ, ತಮ್ಮ ಎರಡೂ ಕಿವಿಗಳು ಸುಸ್ಥಿತಿಯಲ್ಲಿವೆಯೆಂದೂ, ಮನೆಯವರು ಕೂಗಿದರೆ ಮೊದಲನೆಯ ಸಲಕ್ಕೇ ತಮಗೆ ಕೇಳಿಸುತ್ತದೆಯೆಂದೂ ನಂಬಿಕೊಂಡು, ಕೆಳಗೆ ಸಹಿ ಮಾಡಿರುವ ಬೆರಳಚ್ಚುಗಾರ್ತಿಯಾದ ನಾನು ತಲೆಬಾಗಿ ಬಿನ್ನವಿಸಿಕೊಳ್ಳುವುದೇನೆಂದರೆ, ತಾವು ತಮ್ಮ ಫೋನಿನಲ್ಲಿ ಹೆಡ್‌ಫೋನ್ ಸಿಕ್ಕಿಸುವ ತೂತನ್ನು ಮುಚ್ಚಿದ ಸಾಹಸದ ಫಲ ನಮ್ಮ ಕಚೇರಿಯ ಎರಡನೆಯ ಮಹಡಿಯವರೆಗೂ ತಲುಪಿದೆ. ತೂತು ಕೊರೆಯುವುದು ಯಾವ ಬಡಗಿಗೂ ಬರುತ್ತದೆ. ಇದ್ದ ತೂತನ್ನು ಮುಚ್ಚಿ, ಮುಚ್ಚಿದ್ದನ್ನೇ ಹೊಸ ಸೌಕರ್ಯವೆಂದು ಪೆಟ್ಟಿಗೆಯ ಮೇಲೆ ಅಚ್ಚು ಹಾಕಿಸಿ, ಆ ಸೌಕರ್ಯದಿಂದಾದ ತೊಂದರೆಯನ್ನು ಸರಿಪಡಿಸಿಕೊಳ್ಳುವ ಸಾಮಾನುಗಳನ್ನು ಪಕ್ಕದ ಕಪಾಟಿನಲ್ಲಿಯೇ ಇಟ್ಟು ಮಾರುವುದಕ್ಕೆ ಮಾತ್ರ ತಮ್ಮಂಥವರೇ ಹುಟ್ಟಿ ಬರಬೇಕು. ಕಿವಿಯ ಮೇಲೆ ಹೂವಿಡುವವರನ್ನು ನನ್ನ ಸರ್ವಿಸಿನಲ್ಲಿ ಬೇಕಾದಷ್ಟು ಕಂಡಿದ್ದೇನೆ. ಕಿವಿಯ ಒಳಗೇ ಇಟ್ಟವರು ತಾವೇ ಮೊದಲಿಗರು. ಎಲ್ಲರ ಮನೆಯ ದೋಸೆಯೂ ತೂತೇ ಎಂಬ ಹಿರಿಯರ ಗಾದೆಯನ್ನು ಸುಳ್ಳು ಮಾಡಿದ ಕೀರ್ತಿಯೂ ತಮಗೇ ಸಲ್ಲಬೇಕು.

ಯೋಗ್ಯರಾದ ತಮಗೆ ನನ್ನ ಪರಿಚಯವಿರಲಾರದು. ನಾನು ಕೆಲಸ ಮಾಡುವುದು ಒಂದು ಸಂಧಾನ ಕಚೇರಿಯಲ್ಲಿ. ನೆರೆಹೊರೆಯವರು, ಪಾಲುದಾರರು, ಒಡಹುಟ್ಟಿದವರು ಜಗಳವಾಡಿಕೊಂಡು, ಕೋರ್ಟಿನ ಮೆಟ್ಟಿಲು ಹತ್ತುವ ಮೊದಲು ನಮ್ಮ ಮೆಟ್ಟಿಲು ಹತ್ತುತ್ತಾರೆ. ನಮ್ಮ ಸಾಹೇಬರು, ಎಂದರೆ ಸಂಧಾನಕಾರರು, ಇಬ್ಬರನ್ನೂ ಒಂದು ಮೇಜಿನ ಆಚೆ ಈಚೆ ಕೂರಿಸಿ, ನೀರು ಕೊಟ್ಟು, ಮಾತಾಡಿಸುತ್ತಾರೆ. ಮಾತೆಲ್ಲ ಫೋನಿನಲ್ಲಿ ರೆಕಾರ್ಡ್ ಆಗುತ್ತದೆ. ಕೊನೆಗೆ ಒಂದು ಏರ್ಪಾಡು ಹೇಳಿ, ಮೂವತ್ತು ವರ್ಷದಿಂದ ಫಾರಮ್ಮಿನಲ್ಲಿ ಅಚ್ಚಾಗಿರುವ ಒಂದೇ ಪ್ರಶ್ನೆಯನ್ನು ಇಬ್ಬರಿಗೂ ಕೇಳುತ್ತಾರೆ: "ಸಮಾಧಾನವೋ, ಅಸಮಾಧಾನವೋ?" ಇಬ್ಬರೂ ಸಮಾಧಾನ ಎಂದರೆ ಕಡತ ಮುಗಿಯಿತು. ಒಬ್ಬರು ಅಸಮಾಧಾನ ಎಂದರೂ ಮತ್ತೊಂದು ದಿನ, ಮತ್ತೊಂದು ಲೋಟ ನೀರು. ರೆಕಾರ್ಡನ್ನು ಕೇಳಿ, ಆಡಿದ್ದನ್ನು ಆಡಿದಂತೆ ಟೈಪ್ ಮಾಡಿ, ಸಹಿ ಹಾಕಿಸಿಕೊಳ್ಳುವುದು ನನ್ನ ಕೆಲಸ. ಪ್ರಶ್ನೆ ಕೇಳಿ ಮುಗಿಸಿದ ಸಾಹೇಬರು ಉತ್ತರವನ್ನು ನನ್ನ ಹಾಳೆಯಲ್ಲೇ ನೋಡುತ್ತಾರೆ, ಸಹಿ ಹಾಕುವವರು ಹಾಳೆಯನ್ನು ಓದುವುದೇ ಇಲ್ಲ. ಎತ್ತು ಈಯಿತು ಎಂದು ಯಾರಾದರೂ ಹೇಳಿದರೆ ಎತ್ತು ಈಯಿತು ಎಂದೇ ಟೈಪ್ ಮಾಡುತ್ತೇನೆ. ಕರುವನ್ನು ಕೊಟ್ಟಿಗೆಗೆ ಕಟ್ಟುವುದು ಮೇಲಿನವರ ಹೊಣೆ.

ಇಪ್ಪತ್ತನಾಲ್ಕು ವರ್ಷ ಈ ಕೆಲಸವನ್ನು ಸುರುಳಿ ವೈರಿನ ಒಂದು ಕರಿ ಹೆಡ್‌ಫೋನಿನಿಂದ ಮಾಡಿದೆ. ಮೆತ್ತೆಯ ಚರ್ಮ ಕಿತ್ತುಬಂದು ಎರಡು ಸಲ ಹೊಲಿದಿದ್ದೆ. ಅದನ್ನು ಹಾಕಿಕೊಂಡರೆ ಯಾರು ಎಂಜಲು ನುಂಗಿದರು, ಯಾರು ಕುರ್ಚಿಯಲ್ಲಿ ಮಿಸುಕಿದರು, ಯಾರ ಬಳೆ ಮೇಜಿಗೆ ತಾಗಿತು ಎಲ್ಲವೂ ಕೇಳುತ್ತಿತ್ತು. ಹೀಗಾಗಿ ಕಚೇರಿಯಲ್ಲಿ ನನಗೆ ಕಿವಿಯಮ್ಮ ಎಂಬ ಬಿರುದಿದೆ. ಸ್ವಂತ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿದೆ. ನನ್ನ ಹೆಮ್ಮೆ ಅದೊಂದೇ ಆಗಿತ್ತು ಎಂದು ಹೇಳಿಕೊಳ್ಳಲು ನಾಚಿಕೆಯಿಲ್ಲ.

ಹೀಗಿರಲು, ನಾಲ್ಕು ತಿಂಗಳ ಹಿಂದೆ ಹಳೆಯ ಫೋನನ್ನು ವಾಪಸು ತೆಗೆದುಕೊಂಡು ತಮ್ಮ ಹೊಸ ಫೋನನ್ನು ಕೊಟ್ಟರು. ಕನ್ನಡಿಯಂತೆ ಹೊಳೆಯುತ್ತಿತ್ತು. ನಾನು ಹೆಡ್‌ಫೋನಿನ ತುದಿ ಹಿಡಿದುಕೊಂಡು, ದೀಪವಿಲ್ಲದ ಕೋಣೆಯಲ್ಲಿ ಬೀಗದ ತೂತು ಹುಡುಕುವವಳಂತೆ ಅದರ ನಾಲ್ಕೂ ಅಂಚು ತಡವಿದೆ. ಕೊನೆಗೆ ಕಡತದ ಕೋಣೆಯವರು ನನ್ನ ಮೇಲೆ ಮರುಕ ಬಂದು, "ಕಿವಿಯಮ್ಮ, ಅದಕ್ಕೆ ತೂತಿಲ್ಲ. ಈಗೆಲ್ಲ ಹಾಗೇ ಬರೋದು" ಎಂದರು. ಸ್ಪೀಕರಿನಲ್ಲಿ ಹಾಕಿ ಕೇಳೋಣವೆಂದರೆ ಬೇರೆಯವರ ಮನೆಯ ಗುಟ್ಟನ್ನು ಕೋಣೆಗೆಲ್ಲ ಕೇಳಿಸುವಂತಿಲ್ಲ ಎಂಬ ನಿಯಮವಿದೆ. ಕಂಪ್ಯೂಟರಿಗೆ ಹಾಕೋಣವೆಂದರೆ ನಮ್ಮ ಕಂಪ್ಯೂಟರು ಹುಟ್ಟುಮೂಗ.

ವಿವೇಕಿಗಳಾದ ತಾವು ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ಇದಕ್ಕೆ ಕಾರಣ ಕೊಟ್ಟಿದ್ದೀರಿ: ತೂತಿನಿಂದ ಧೂಳು ಒಳಗೆ ಹೋಗುತ್ತದೆ. ನಿಜವೇ. ಇದೇ ತರ್ಕದ ಮೇಲೆ ಮನುಷ್ಯನ ಬಾಯಿಯನ್ನೂ ಮೂಗನ್ನೂ ಹೊಲಿದುಬಿಟ್ಟರೆ ಒಳಗೆ ಎಷ್ಟು ಶುಭ್ರವಾಗಿರುತ್ತಿತ್ತೆಂದು ಯೋಚಿಸಿ ನಾನು ತಲೆದೂಗಿದೆ. ತೂತಿನ ಬದಲಿಗೆಂದು ತಾವು ಎರಡು ಬಿಳಿ ಬೀಜಗಳನ್ನು ದಯಪಾಲಿಸಿದ್ದೀರಿ. ಇಯರ್‌ಬಡ್ ಎಂದು ಅದರ ಹೆಸರಂತೆ. ಅವುಗಳಿಗೆ ವೈರಿಲ್ಲ, ಸಂಬಂಧವಿಲ್ಲ, ಸಂಸಾರದ ಹಂಗಿಲ್ಲ. ತಲೆಯಾಡಿಸಿದರೆ ಒಂದು ಉದುರಿ ಮೇಜಿನ ಕೆಳಗೆ ಹೋಗುತ್ತದೆ. ಅದನ್ನು ಹುಡುಕಲು ಬಗ್ಗಿದರೆ ಇನ್ನೊಂದು ಉದುರುತ್ತದೆ. ಮಧ್ಯಾಹ್ನದ ಹೊತ್ತಿಗೆ ಎಡಗಡೆಯದಕ್ಕೆ ನಿದ್ದೆ, ಸಂಜೆಗೆ ಬಲಗಡೆಯದಕ್ಕೆ. ಒಮ್ಮೆ ಅವು ನನ್ನ ಫೋನನ್ನು ಬಿಟ್ಟು ಕಡತದ ಕೋಣೆಯವರ ಫೋನಿಗೆ ಕೂಡಿಕೊಂಡು, ಅವರ ಹೆಂಡತಿ ಅವರನ್ನು ಬೈಯುವುದನ್ನು ಮೊದಲಿನಿಂದ ಕೊನೆಯವರೆಗೆ ನನಗೆ ಕೇಳಿಸಿದವು. ಆ ಬೈಗುಳವೊಂದು ಮಾತ್ರ ಬಹಳ ಸ್ಪಷ್ಟವಾಗಿತ್ತು, ತಮಗೆ ಸಲ್ಲಬೇಕಾದ ಪ್ರಶಂಸೆಯನ್ನು ನಾನು ತಡೆಹಿಡಿಯುವುದಿಲ್ಲ.

ವೈರು ಬೇಕೇ ಬೇಕೆನ್ನುವ ಹಳೆ ತಲೆಗಳಿಗಾಗಿ ಬೆರಳುದ್ದದ ಒಂದು ಅಡಾಪ್ಟರೂ ತಮ್ಮಲ್ಲಿದೆಯೆಂದು ತಿಳಿದು ಅದನ್ನೂ ತರಿಸಿಕೊಂಡೆ. ಮೂಗಿಗಿಂತ ಮೂಗುತಿ ಭಾರ. ಚಾರ್ಜರ್ ಹಾಕುವ ಜಾಗಕ್ಕೇ ಅದನ್ನು ಸಿಕ್ಕಿಸಬೇಕಾದ್ದರಿಂದ, ಫೋನು ಉಣ್ಣುವಾಗ ನನಗೆ ಕಿವುಡು, ನನಗೆ ಕೇಳಿಸುವಾಗ ಫೋನಿಗೆ ಉಪವಾಸ. ಮೊಣಕೈ ಸ್ವಲ್ಪ ತಾಗಿದರೆ ಸದ್ದು ಕಡಿದುಹೋಗುತ್ತಿತ್ತು. ನಮ್ಮ ಭಾಷೆಯಲ್ಲಿ 'ಇಲ್ಲ' ಎಂಬುದು ಮಾತಿನ ಕೊನೆಯಲ್ಲಿ ಬರುತ್ತದೆಂಬುದನ್ನು ತಾವು ಕೇಳಿರಬಹುದು. ಕೊನೆಯೇ ಕಡಿದರೆ 'ಒಪ್ಪೋದಿಲ್ಲ' ಎಂದವನು 'ಒಪ್ಪೋದು' ಎಂದಂತಾಗುತ್ತದೆ. ಇದು ಎರಡನೆಯ ದಿನವೇ ಗೊತ್ತಾಗಿ ಆ ಬಾಲವನ್ನು ಡ್ರಾಯರಿಗೆ ಹಾಕಿ, ಬಿಳಿ ಬೀಜಗಳಿಗೇ ಶರಣಾದೆ. ಬಾಲ ಕಡಿಯುವುದನ್ನು ಬಿಟ್ಟು ತಲೆ ಕಡಿಯುವುದರ ಕೈಗೆ ಕುತ್ತಿಗೆ ಕೊಟ್ಟೆನೆಂದು ಆಗ ತಿಳಿಯಲಿಲ್ಲ.

ಮಧ್ಯದಲ್ಲಿ ತಮ್ಮ ಗ್ರಾಹಕ ಸೇವೆಗೂ ಫೋನು ಮಾಡಿದ್ದೆ, ಅದೇ ಬೀಜಗಳನ್ನು ಕಿವಿಗಿಟ್ಟುಕೊಂಡು. ತೂತನ್ನು ವಾಪಸು ಕೊಡಲು ಸಾಧ್ಯವೇ ಎಂದು ಕೇಳಿದೆ. ಆ ಕಡೆಯ ಹೆಣ್ಣುಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಾಧ್ಯ ಮೇಡಂ" ಎಂದಳು. ಅಷ್ಟು ಖಂಡಿತವಾಗಿ ಯಾವ ಕಂಪನಿಯೂ ನನಗೆ ಮಾತು ಕೊಟ್ಟಿರಲಿಲ್ಲ. ನಾನು ಮೂರು ವಾರ ಆ ತೂತು ಅಂಚೆಯಲ್ಲಿ ಬರುವುದನ್ನು ಕಾದೆ.

ಸಮರ್ಥರಾದ ತಮ್ಮ ಯಂತ್ರ ಬಂದ ಮೇಲೆ ನಮ್ಮ ಕಚೇರಿಯ ಭಾಗ್ಯವೇ ತೆರೆಯಿತು. ಮೊದಲೆಲ್ಲ ಹತ್ತು ಜಗಳದಲ್ಲಿ ಐದಾರು ಬಗೆಹರಿದರೆ ಹೆಚ್ಚು. ಈಗ ಹತ್ತಕ್ಕೆ ಒಂಬತ್ತು ಸಮಾಧಾನ! ಪಕ್ಕದ ಮನೆಯವನ ಸ್ನಾನದ ಹಾಡಿನ ಮೇಲೆ ದೂರು ಕೊಟ್ಟಿದ್ದ ಒಬ್ಬ ನಿವೃತ್ತ ಮೇಷ್ಟ್ರು, ಆ ಹಾಡು ಹೇಗನಿಸುತ್ತದೆಂದು ಕೇಳಿದ್ದಕ್ಕೆ "ಸಹ್ಯ, ತುಂಬಾ ಸಹ್ಯ" ಎಂದು ಹೇಳಿಕೆ ಕೊಟ್ಟಂತೆ ನನಗೆ ಕೇಳಿತು, ಹಾಗೇ ಟೈಪ್ ಮಾಡಿದೆ. ಹಾಡುಗಾರ ಆ ಹಾಳೆಗೆ ಕಟ್ಟು ಹಾಕಿಸಿ ಬಚ್ಚಲಮನೆಯ ಬಾಗಿಲಿಗೆ ನೇತುಹಾಕಿದ್ದಾನಂತೆ. ಮೇಲಿನ ಕಚೇರಿಯವರು ನಮ್ಮ ಸಾಹೇಬರಿಗೆ ಪ್ರಶಂಸಾ ಪತ್ರ ಕಳುಹಿಸಿದರು. ಸಾಹೇಬರು ಅದನ್ನು ಗೋಡೆಗೆ ಹಾಕಿಸಿ, ನನ್ನನ್ನು ಕರೆದು, "ನೋಡಿದ್ರಾ ಕಿವಿಯಮ್ಮ, ಹೊಸ ಫೋನು ಬಂದಿದ್ದೇ ಬಂದಿದ್ದು, ಜನ ಎಷ್ಟು ಒಳ್ಳೆಯವರಾಗಿಬಿಟ್ರು" ಎಂದರು. ನಾನೂ ಹೌದೆಂದು ನಕ್ಕೆ.

ಈಗ ಹೇಳಬೇಕಾದ ಮಾತಿಗೆ ಬರುತ್ತೇನೆ. ಇಬ್ಬರು ದರ್ಜಿಗಳು ಬಂದಿದ್ದರು, ಅಕ್ಕ ಮತ್ತು ತಂಗಿ. ಇಪ್ಪತ್ತಾರು ವರ್ಷ ಒಂದೇ ಅಂಗಡಿಯಲ್ಲಿ ಮಗ್ಗುಲಲ್ಲಿ ಮಗ್ಗುಲು ಕೂತು ಶಾಲೆಯ ಸಮವಸ್ತ್ರ ಹೊಲಿದವರು. ಅಕ್ಕ ಕಣ್ಣಿನ ಆಪರೇಷನ್ನಿಗೆಂದು ಹೋಗಿ ಮಲಗಿದ್ದಾಗ, ತಂಗಿ ಎರಡು ಕರೆಂಟಿನ ಮಿಷನ್ ತಂದು, ಜಾಗ ಸಾಲದೆ, ಅಕ್ಕನ ಕಾಲಿನಲ್ಲಿ ತುಳಿಯುವ ಹಳೆಯ ಮಿಷನ್ನನ್ನು ಓಣಿಗೆ ತಳ್ಳಿದಳು. ಅಕ್ಕನನ್ನು ಕೇಳಲಿಲ್ಲ. ಮಿಷನ್ ಕೆಟ್ಟಿರಲಿಲ್ಲ. ಜಗಳ ಇಷ್ಟೇ. ಇದರ ಮೇಲೆ ಇಬ್ಬರೂ ಐದು ತಿಂಗಳು ಮಾತು ಬಿಟ್ಟಿದ್ದರು.

ನಮ್ಮ ಸಾಹೇಬರು ಏರ್ಪಾಡು ಹೇಳಿದರು: ಅಕ್ಕನಿಗೆ ಹೇಗೂ ಕಣ್ಣು ಮಂಜು, ಮಿಷನ್ನನ್ನು ಅಕ್ಕನ ಮನೆಗೆ ಸಾಗಿಸುವುದು, ಅಂಗಡಿಯ ಬೀಗದ ಕೈ ಬರುವ ತಿಂಗಳ ಮೊದಲ ಸೋಮವಾರ ತಂಗಿಯ ಕೈಗೆ. ಆಮೇಲೆ ಆ ಅಚ್ಚಿನ ಪ್ರಶ್ನೆ. ರೆಕಾರ್ಡಿನಲ್ಲಿ ಏಳು ಸೆಕೆಂಡು ಏನೂ ಇಲ್ಲ. ನಂತರ ಅಕ್ಕನ ದನಿ: "ಸಮಾಧಾನ ಇದೆ." ನಾನು ಟೈಪ್ ಮಾಡಿದೆ. ಸಹಿ ಹಾಕಲು ಬಂದ ದಿನ ಆಕೆ ಎರಡನೆಯ ಕಣ್ಣಿಗೂ ಆಪರೇಷನ್ ಆಗಿ ಕರಿ ಕನ್ನಡಕ ಹಾಕಿದ್ದರು, ಓದುವ ಕನ್ನಡಕ ಇನ್ನೂ ಬಂದಿರಲಿಲ್ಲ. ಇಲ್ಲಿ ಹಾಕಿ ಅಮ್ಮ ಎಂದು ಬೆರಳಿಟ್ಟು ತೋರಿಸಿದವಳು ನಾನೇ.

ಆ ಸೋಮವಾರಕ್ಕೆ ಆರು ದಿನ ಇರುವಾಗ ಓದುವ ಕನ್ನಡಕ ಬಂದಿದೆ. ಹಾಳೆ ಹಿಡಿದುಕೊಂಡು ಎರಡು ಮಹಡಿ ಹತ್ತಿ ನನ್ನ ಮೇಜಿನ ಮುಂದೆ ನಿಂತರು.

"ಇದು ಯಾರ ಮಾತು?" ಎಂದರು.

ನಿಮ್ಮದೇ ಅಮ್ಮ, ಎಂದೆ.

"ನನ್ನ ಮಾತು ಹೀಗಿರಲ್ಲ. ಇದಕ್ಕೆ ಎಲ್ಲೋ ಹೊಲಿಗೆ ಬಿಟ್ಟಿದೆ."

ಇಪ್ಪತ್ತನಾಲ್ಕು ವರ್ಷದಲ್ಲಿ ನನ್ನ ಕಿವಿಯ ಮೇಲೆ ಯಾರೂ ಹೀಗೆ ಹೇಳಿರಲಿಲ್ಲ. ನನಗೆ ಸಿಟ್ಟು ಬಂತು. ಆ ಭಾಗವನ್ನು ಹುಡುಕಿ, ತಮ್ಮ ಬಿಳಿ ಬೀಜವೊಂದನ್ನು ಆಕೆಯ ಬಲಗಿವಿಗೆ ಇಟ್ಟು, ಮೂರು ಸಲ ಕೇಳಿಸಿದೆ. ಮೂರು ಸಲವೂ ಆಕೆಯ ಸ್ವಂತ ದನಿ ಆಕೆಗೇ ಹೇಳಿತು: ಸಮಾಧಾನ ಇದೆ, ಸಮಾಧಾನ ಇದೆ, ಸಮಾಧಾನ ಇದೆ. ಆಕೆಯ ಮುಖ ಬಿಳಿಚಿಕೊಂಡಿತು. "ಹಾಗಂದೆನಾ ನಾನು?" ಎಂದು ನನ್ನನ್ನಲ್ಲ, ಮೇಜನ್ನು ಕೇಳಿದರು. "ಕಣ್ಣು ಹೋಯ್ತು ಅಂತಿದ್ದೆ. ಬುದ್ಧೀನೂ ಹೋಗ್ತಿದೆಯೇನೋ." ಹಾಳೆಯನ್ನು ಬಟ್ಟೆ ಮಡಿಸಿದ ಹಾಗೆ ಅಂಚಿಗೆ ಅಂಚು ಕೂಡಿಸಿ ಮಡಿಸಿಕೊಂಡು, ಕಂಬಿ ಹಿಡಿದು ಮೆಟ್ಟಿಲಿಳಿದು ಹೋದರು. ಒಬ್ಬ ಹೆಂಗಸು ತನ್ನ ಬಾಯನ್ನೇ ತಾನು ನಂಬದಂತೆ ಮಾಡಿದವಳು ನಾನು. ಈ ಪತ್ರದಲ್ಲಿ ನಗೆಯಾಡುವುದಕ್ಕೆ ಸಿಗದ ಜಾಗ ಇದೊಂದೇ, ಕ್ಷಮಿಸಬೇಕು.

ಪ್ರಾಮಾಣಿಕರಾದ ತಮ್ಮ ಬೀಜಗಳ ಗುಟ್ಟು ಬಯಲಾದದ್ದು ಮಾರನೆಯ ದಿನ, ಒಬ್ಬ ಹಾಲಿನ ವ್ಯಾನಿನ ಡ್ರೈವರಿನಿಂದ. ಯಾರದೋ ಕಾಂಪೌಂಡಿಗೆ ಗುದ್ದಿದ್ದ ಆತ ಸ್ವಲ್ಪ ಹೊತ್ತು ಸುಮ್ಮನಿದ್ದು, ಅಳುದನಿಯಲ್ಲಿ ಹೇಳಿದ್ದು ಹೀಗೆ ಕೇಳಿತು: "ಜಾಗರೂಕತೆ ನಂದೇ ಸಾರ್, ಒಪ್ಕೋತೀನಿ." ಜಾಗರೂಕತೆಯನ್ನು ಅತ್ತು ಒಪ್ಪಿಕೊಂಡ ಮನುಷ್ಯನನ್ನು ನಾನು ಕಂಡಿರಲಿಲ್ಲ. ಬೆರಳು ಕೀಲಿಯ ಮೇಲೆಯೇ ನಿಂತಿತು.

ಮನೆಗೆ ಹೋಗಿ ನಮ್ಮ ಯಜಮಾನರಿಗೆ ಹೇಳಿದೆ. ಅವರು ರೇಡಿಯೋ ರಿಪೇರಿಯವರು; ರಿಪೇರಿಗೆ ರೇಡಿಯೋಗಳೇ ಬರದಿದ್ದರೂ ಅಂಗಡಿ ತೆಗೆಯುವುದನ್ನು ಬಿಟ್ಟಿಲ್ಲ. ಎಲ್ಲವನ್ನೂ ಕೇಳಿ, "ಅವಕ್ಕೆ ನಿದ್ದೆ ಬರುತ್ತೆ" ಎಂದರು. ಸದ್ದಿಲ್ಲದಿದ್ದರೆ ಬ್ಯಾಟರಿ ಉಳಿಸಲು ಬೀಜಗಳು ಕಣ್ಣು ಮುಚ್ಚುತ್ತವಂತೆ. ಮಾತು ಶುರುವಾದರೆ ಏಳುತ್ತವಂತೆ. ಎದ್ದು ಕಣ್ಣುಜ್ಜಿಕೊಳ್ಳುವಷ್ಟರಲ್ಲಿ ಮೊದಲ ಅಕ್ಷರ ದಾಟಿಹೋಗಿರುತ್ತದಂತೆ. ಸಣ್ಣ ಸದ್ದನ್ನೆಲ್ಲ ಕಸವೆಂದು ಗುಡಿಸಿಹಾಕುವ ವಿದ್ಯೆಯೂ ಅವಕ್ಕೆ ಗೊತ್ತಂತೆ. ಯಜಮಾನರು ತಮ್ಮ ಡ್ರಾಯರಿನಿಂದ ಗಾಜು ಒಡೆದ ಒಂದು ಹಳೆಯ ಫೋನು ತೆಗೆದುಕೊಟ್ಟರು. ಅದರ ತಳದಲ್ಲಿ, ಮಾನ್ಯರೇ, ದುಂಡಗೆ, ಕಪ್ಪಗೆ, ಧೂಳು ತುಂಬಿಕೊಂಡು, ಒಂದು ತೂತಿತ್ತು.

ಬೆಳಗ್ಗೆ ಸಾಹೇಬರಿಗೆ ಹೇಳಿ ಆ ಫೋನಿಗೆ ರೆಕಾರ್ಡುಗಳನ್ನು ಹಾಕಿಸಿಕೊಂಡು, ಕರಿ ಹೆಡ್‌ಫೋನ್ ತಲೆಗೇರಿಸಿದೆ. ಮೊದಲು ಡ್ರೈವರ್: "ಅಜಾಗರೂಕತೆ ನಂದೇ ಸಾರ್." ನಂತರ ಮೇಷ್ಟ್ರು: "ಅಸಹ್ಯ, ತುಂಬಾ ಅಸಹ್ಯ." ಎರಡನೆಯ ಸಲದ 'ಅಸಹ್ಯ'ವನ್ನಾದರೂ ಬೀಜ ಸರಿಯಾಗಿ ಕೇಳಿಸಿತ್ತೋ ಏನೋ, ಮೊದಲನೆಯದನ್ನು ನಂಬಿ ನಾನೇ ಅದನ್ನೂ ತಿದ್ದಿಕೊಂಡಿದ್ದೇನೆಂದು ಒಪ್ಪಿಕೊಳ್ಳುತ್ತೇನೆ. ತಮ್ಮ ಗ್ರಾಹಕ ಸೇವೆಯ ಹೆಣ್ಣುಮಗಳು ನಿಜಕ್ಕೂ ಏನೆಂದಿದ್ದಳೆಂಬುದೂ ಆಗ ಹೊಳೆಯಿತು. ತೂತನ್ನು ಕಾಯುವುದನ್ನು ನಿಲ್ಲಿಸಿದೆ. ಕೊನೆಗೆ ದರ್ಜಿಯಮ್ಮನ ಏಳು ಸೆಕೆಂಡು ಹಾಕಿದೆ. "ಅಸಮಾಧಾನ ಇದೆ." ಸ್ಪಷ್ಟವಾಗಿ, ಅಳೆದು ಕತ್ತರಿಸಿದ ಬಟ್ಟೆಯಂತೆ. ಆ ಏಳು ಸೆಕೆಂಡು ಖಾಲಿಯಾಗಿಯೂ ಇರಲಿಲ್ಲ. ಅದರಲ್ಲಿ ಇನ್ನೇನೋ ಇತ್ತು. ಅದನ್ನು ಆಮೇಲೆ ಹೇಳುತ್ತೇನೆ, ಏಕೆಂದರೆ ಅದು ತಮಗೆ ಸೇರಿದ್ದಲ್ಲ.

ಜ್ಞಾನಿಗಳಾದ ತಾವು ಗಮನಿಸಬೇಕಾದ ಸೂಕ್ಷ್ಮವೊಂದಿದೆ. ನಮ್ಮ ಜನರಲ್ಲಿ ಹಲವರು ಏನು ಕೇಳಿದರೂ "ಅದೇನಂದ್ರೆ" ಎಂದು ಶುರುಮಾಡಿ, ಊರೆಲ್ಲ ಸುತ್ತಿ ಮಾತಿಗೆ ಬರುತ್ತಾರೆ. ಅಂಥವರಿಗೆ ತಮ್ಮ ಬೀಜ ಏನೂ ಮಾಡಲಾರದು. ಅದು 'ಅದೇನಂದ್ರೆ'ಯ ತಲೆ ತಿಂದು ತೃಪ್ತಿಯಾಗಿ ಉಳಿದದ್ದನ್ನು ಬಿಡುತ್ತದೆ. ಕೇಳಿದ್ದಕ್ಕೆ ಯೋಚಿಸಿ, ಒಂದೇ ಮಾತಿನಲ್ಲಿ ಉತ್ತರ ಕೊಡುವವರದ್ದೇ ಕುತ್ತಿಗೆ ಹೋಗುವುದು. ದರ್ಜಿಯಮ್ಮ ಒಂದು 'ಅದೇನಂದ್ರೆ' ಹೇಳಿದ್ದರೆ ಅಂಗಡಿ ಉಳಿಯುತ್ತಿತ್ತು. ಸುತ್ತಿ ಬಳಸುವವನಿಗೆ ನ್ಯಾಯ, ನೇರ ಮಾತಿನವನಿಗೆ ಕತ್ತರಿ ಎಂಬ ಲೋಕಾರೂಢಿಯನ್ನು ಯಂತ್ರದೊಳಗೆ ಕೂರಿಸಿದ್ದಕ್ಕೆ ತಮ್ಮನ್ನು ಎಷ್ಟು ಹೊಗಳಿದರೂ ಸಾಲದು.

ಒಟ್ಟು ಅರವತ್ತೊಂದು ಕಡತಗಳನ್ನು ಮತ್ತೆ ಕೇಳಿದೆ. ಹತ್ತೊಂಬತ್ತರಲ್ಲಿ ಆ ಒಂದಕ್ಷರ ಕಾಣೆಯಾಗಿತ್ತು. ಸಾಹೇಬರಿಗೆ ಪಟ್ಟಿ ಕೊಟ್ಟೆ. ಅವರು ಪಟ್ಟಿಯನ್ನು ನೋಡಿ, ಗೋಡೆಯ ಪ್ರಶಂಸಾ ಪತ್ರವನ್ನು ನೋಡಿ, ಬಾಗಿಲು ಮುಂದಕ್ಕೆ ಮಾಡಿ, "ಕಿವಿಯಮ್ಮ, ನೀವು ಏನೂ ಕೇಳಿಸ್ಕೊಂಡಿಲ್ಲ ಅಂತ ಇಟ್ಕೊಂಡ್ರೆ ಆಗಲ್ವಾ?" ಎಂದರು.

"ಇಷ್ಟು ದಿನ ಆಗಿದ್ದು ಅದೇ ಅಲ್ವಾ ಸಾಹೇಬ್ರೇ" ಎಂದೆ.

ಸಾಹೇಬರು ಕೆಟ್ಟವರಲ್ಲ. ಒಂದು ಹಗಲು ಪೂರ್ತಿ ಮುಖ ಊದಿಸಿಕೊಂಡಿದ್ದು, ಸಂಜೆ ನನಗೆ ಎರಡು ಕಾಗದ ಕೊಟ್ಟರು. ಒಂದು, ಕರ್ತವ್ಯಲೋಪಕ್ಕೆ ಹದಿನೈದು ದಿನದೊಳಗೆ ವಿವರಣೆ ಕೊಡಬೇಕೆಂಬ ನೋಟಿಸು. ಇನ್ನೊಂದು, ಹತ್ತೊಂಬತ್ತು ಕಡತಗಳನ್ನೂ ಮತ್ತೆ ತೆರೆಯುವ ಆದೇಶ. ಪ್ರಶಂಸಾ ಪತ್ರವನ್ನು ತಾವೇ ಕುರ್ಚಿ ಹತ್ತಿ ಇಳಿಸಿದರು. ಈಗ ಅಲ್ಲಿ ಮೊಳೆ ಮಾತ್ರ ಇದೆ.

ರಸಿಕರಾದ ತಮ್ಮಲ್ಲಿ ಇನ್ನು ನನ್ನ ಕೋರಿಕೆಗಳು. ಕಳೆದ ನಾಲ್ಕು ತಿಂಗಳಲ್ಲಿ ತಮ್ಮ ಬೀಜಗಳು ನುಂಗಿರುವ ಎಲ್ಲ 'ಅ'ಗಳನ್ನೂ ಎಣಿಸಿ, ಒಡೆಯದಂತೆ ಹತ್ತಿಯಲ್ಲಿ ಸುತ್ತಿ, ಮರು ಟಪಾಲಿನಲ್ಲಿ ಕಳುಹಿಸಿಕೊಡಬೇಕು. ಅದು ಕಷ್ಟವಾದರೆ, ಮಕ್ಕಳ ಪುಸ್ತಕದಲ್ಲಿ ಅಕ್ಷರಮಾಲೆ ಇನ್ನು ಮುಂದೆ 'ಆ'ದಿಂದ ಶುರುವಾಗುವಂತೆ ಸಂಬಂಧಪಟ್ಟವರ ಜೊತೆ ಮಾತಾಡಬೇಕು. ತಮ್ಮ ಮಾತು ಎಲ್ಲೆಡೆ ನಡೆಯುತ್ತದೆಂದು ಕೇಳಿದ್ದೇನೆ. ಅದೂ ಆಗದಿದ್ದರೆ ಬೀಜವನ್ನೂ ಬಾಲವನ್ನೂ ಒಟ್ಟಿಗೆ ಮಾರಬೇಕು: 'ಅನ್ಯಾಯ ಆಗಿಲ್ಲ' ಎಂದವನ ತಲೆಯಲ್ಲಿ ಒಂದು ನಿಷೇಧ, ಬಾಲದಲ್ಲಿ ಒಂದು ನಿಷೇಧ, ಎರಡನ್ನೂ ತಾವೇ ಕಡಿದುಕೊಂಡರೆ ನ್ಯಾಯವೇ ಉಳಿಯುತ್ತದೆ, ಲೆಕ್ಕ ಸರಿಹೋಗುತ್ತದೆ. ಇಷ್ಟೆಲ್ಲ ಯಾಕೆ ತೊಂದರೆ, ಸುಮ್ಮನೆ ಒಂದು ತೂತು ಇಡಬಾರದೇ ಎಂದು ಯಾರಾದರೂ ಮೂರ್ಖರು ತಮ್ಮನ್ನು ಕೇಳಿದರೆ ದಯವಿಟ್ಟು ಕಿವಿಗೆ ಹಾಕಿಕೊಳ್ಳಬೇಡಿ. ಹಾಕಿಕೊಳ್ಳಲು ತೂತಿಲ್ಲವಲ್ಲ.

ಶನಿವಾರ ದರ್ಜಿಯಮ್ಮನಿಗೆ ಹೇಳಿಕಳುಹಿಸಿದ್ದೆ. ಬಂದರು, ಕೂತರು. ಆಗಿದ್ದನ್ನೆಲ್ಲ ಹೇಳಿ, ತಪ್ಪು ನಿಮ್ಮ ಬುದ್ಧಿಯದಲ್ಲ ಅಮ್ಮ, ನನ್ನ ಕಿವಿಯದು ಎಂದು ಕೈಮುಗಿದೆ. ತೂತು ಮುಚ್ಚಿದ ಸಂಗತಿ ಕೇಳಿ ಆಕೆ ಸ್ವಲ್ಪ ಯೋಚಿಸಿ, "ಕಣ್ಣಿಲ್ಲದ ಸೂಜಿ ತಗೊಂಡು ಏನು ಹೊಲೀತಾರೆ?" ಎಂದರು. ಕರಿ ಹೆಡ್‌ಫೋನನ್ನು ಆಕೆಯ ತಲೆಗೆ ನಾನೇ ಹಾಕಿ, ಆ ಏಳು ಸೆಕೆಂಡನ್ನು ಕೇಳಿಸಿದೆ.

ಫ್ಯಾನಿನ ಕಿರುಗುಟ್ಟುವಿಕೆಯ ಕೆಳಗೆ, ಮೇಜಿನ ಆಚೆಯಿಂದ, ಸಾಹೇಬರಿಗೂ ಕೇಳಿಸದಷ್ಟು ಸಣ್ಣಗೆ, ತಂಗಿಯ ದನಿ ಇತ್ತು: "ಅಕ್ಕಾ, ನಿನ್ನ ಮಿಷನ್ ಮೇಲೆ ಕವರ್ ಹಾಕಿದೀನಿ." ಇಪ್ಪತ್ತಾರು ವರ್ಷ ತಂಗಿಯ ಮಿಷನ್ನಿನ ಪಕ್ಕ ಕೂತು ಅಕ್ಕನ ಎಡಗಿವಿ ಮಂದವಾಗಿತ್ತು. ಆ ದಿನ ಮೇಜಿನ ಆಚೆ ತಂಗಿ ಕೂತಿದ್ದದ್ದೂ ಆ ಮಗ್ಗುಲಿಗೇ. ಐದು ತಿಂಗಳ ಮೇಲೆ ತಂಗಿ ಆಡಿದ ಮೊದಲ ಮಾತನ್ನು ಅಕ್ಕನ ಕಿವಿ ಬಿಟ್ಟಿತು, ನನ್ನ ಕಿವಿ ಬಿಟ್ಟಿತು, ತಮ್ಮ ಬೀಜ ಕಸವೆಂದು ಗುಡಿಸಿತು. ತೂತಿನ ಫೋನು ಮಾತ್ರ ರೆಕಾರ್ಡಿನಲ್ಲಿ ಇದ್ದದ್ದನ್ನು ಇದ್ದಂತೆ ಕೊಟ್ಟಿತು.

ದರ್ಜಿಯಮ್ಮ ಹೆಡ್‌ಫೋನ್ ತೆಗೆಯಲಿಲ್ಲ. ಇನ್ನೊಮ್ಮೆ ಹಾಕಿ ಎಂದು ಬೆರಳಿನಲ್ಲಿ ಸನ್ನೆ ಮಾಡಿದರು. ಹಾಕಿದೆ. ಮತ್ತೊಮ್ಮೆ ಹಾಕಿದೆ. ಆಮೇಲೆ ತೆಗೆದು, ಮೆತ್ತೆಯ ಮೇಲೆ ನಾನು ಹೊಲಿದಿದ್ದ ಸೊಟ್ಟ ಹೊಲಿಗೆಯನ್ನು ಬೆರಳಿನಿಂದ ಸವರುತ್ತ ಕೂತರು. ತಮ್ಮ ಬೀಜಗಳು ನಿದ್ದೆಹೋಗುವಷ್ಟು ಹೊತ್ತು ಕೂತಿದ್ದರು. ನಾನು ಕಾದೆ, ನಿದ್ದೆ ಹೋಗಲಿಲ್ಲ.

"ಅಸಮಾಧಾನ ಇನ್ನೂ ಇದೆ" ಎಂದರು. "ಹಾಗೇ ಟೈಪ್ ಮಾಡಿ. ಒಂದಕ್ಷರ ಬಿಡಬೇಡಿ. ಆದ್ರೆ ಅವಳನ್ನ ಕರೀರಿ."

ಕೆಲಸ ಮಾಡುತ್ತಿದ್ದ ಒಂದು ವಸ್ತುವನ್ನು ಯಾರನ್ನೂ ಕೇಳದೆ ಹೊರಗೆ ತಳ್ಳುವ ವಿಷಯದಲ್ಲಿ ತಾವೂ ಆ ತಂಗಿಯೂ ಒಂದೇ ಎಂದು ನಾನು ಮೊದಲು ತಿಳಿದಿದ್ದೆ. ಹಾಗಲ್ಲ. ಆಕೆ ಕವರ್ ಹಾಕಿದ್ದಳು.

ಕಿವಿಯೊಂದನ್ನೇ ನಂಬಿ ಬದುಕಿದವಳ ಈ ಬಿನ್ನಹವನ್ನು ತಾವು ಯಾವ ಕಿವಿಯಿಂದ ಕೇಳಿದರೂ ಸರಿ, ಇನ್ನೊಂದರಿಂದ ಬಿಡುವ ಮುನ್ನ ಒಂದು ಕ್ಷಣ ಒಳಗಿರಿಸಿಕೊಳ್ಳಬೇಕೆಂದು ಬೇಡಿಕೊಳ್ಳುತ್ತೇನೆ. ನೋಟಿಸಿಗೆ ನನ್ನ ವಿವರಣೆಯೆಂದು ಈ ಪತ್ರದ ಒಂದು ಪ್ರತಿಯನ್ನೇ ಸಾಹೇಬರಿಗೂ ಕೊಟ್ಟಿದ್ದೇನೆ.

ಇಂತು, ತಮ್ಮ

ವಿಶ್ವಾಸಿ,
ಕಿವಿಯಮ್ಮ
(ಬೆರಳಚ್ಚು ವಿಭಾಗ, ಕಿಟಕಿಯ ಪಕ್ಕದ ಮೇಜು)

ತಾಜಾ ಕಲಂ: ತಮ್ಮ ಮೇಲಿನ ಗೌರವದಿಂದ ಈ ಪತ್ರವನ್ನು ಮೊದಲು ತಮ್ಮ ಫೋನಿಗೇ ಬಾಯಲ್ಲಿ ಹೇಳಿ, ತಮ್ಮ ಬಿಳಿ ಬೀಜಗಳನ್ನೇ ಕಿವಿಗಿಟ್ಟುಕೊಂಡು ಕೇಳಿ, ಕೇಳಿದ್ದನ್ನು ಕೇಳಿದಂತೆ ಟೈಪ್ ಮಾಡಿದ್ದೇನೆ. ತಮ್ಮನ್ನು ಕರೆಯುವ ಪ್ರತಿ ಪದಕ್ಕೂ ಸಹಿಯ ಮೇಲಿನ ಪದಕ್ಕೂ ಮೊದಲು ಏಳು ಸೆಕೆಂಡು ನಿಲ್ಲಿಸಿ ಒಂದು ಗುಟುಕು ನೀರು ಕುಡಿದಿದ್ದೇನೆ. ಆದ್ದರಿಂದ ಪ್ಯಾರಾಗಳ ತಲೆಯಲ್ಲಿ ತಮ್ಮನ್ನು ಹೊಗಳಿದಂತೆ ಕಾಣುವ ಪದಗಳಲ್ಲಿ, ಎಲ್ಲಕ್ಕಿಂತ ಮೇಲಿನ ಸಂಬೋಧನೆಯಲ್ಲಿ ಮತ್ತು ನನ್ನ ಸಹಿಯ ಮೇಲಿರುವ ಪದದಲ್ಲಿ ಒಂದೊಂದು ಅಕ್ಷರ ಕಡಿಮೆ ಬಿದ್ದಿದ್ದರೆ, ಅದು ತಮ್ಮ ಬಳಿಯೇ ಇರುತ್ತದೆ. ದಯವಿಟ್ಟು ಸೇರಿಸಿಕೊಂಡು ಓದುವುದು.